ದಕ್ಕೆಯಲ್ಲೇ ಹೊಳೆಗೆ ಧಕ್ಕೆ! ಡೀಸೆಲ್ ಲೀಟರಿಗೆ ನಾಲ್ಕಾಣೆ ಇಟ್ಟರೆ ಆಗದೆ?

ಸ್ಟೇಟ್‌ಬ್ಯಾಂಕಿನಲ್ಲಿ ಬಸ್ಸಿಳಿದು ಬಂದರಿನ ಕಡೆ ಸ್ವಲ್ಪ ನಡೆದರೆ ಸಾಕು, ಮಂಗಳೂರಿನ ದಕ್ಕೆ. ಕಿರಾಣಿ ಮೂಟೆ, ಮೀನಿನ ಲಾರಿ, ಮಂಜುಗಡ್ಡೆಯ ಟೆಂಪೋ, ಬೇಂಗ್ರೆಯ ಫೆರಿಗೆ ಓಡುವವರು, ಫೆರಿಯಿಂದ ಇಳಿದು ಬಸ್ಸಿಗೆ ಓಡುವವರು. ಈ ಓಟದಲ್ಲಿ ಯಾರೂ ನೀರಿನ ಕಡೆ ನೋಡುವುದಿಲ್ಲ. ಒಮ್ಮೆ ನಿಂತು ನೋಡಿ ಸ್ವಾಮಿ! ಬಿಸಿಲು ಬಿದ್ದಾಗ ನೀರಿನ ಮೇಲೆ ಕಾಮನಬಿಲ್ಲಿನ ಏಳೂ ಬಣ್ಣ. ಚಂದ ಉಂಟಲ್ಲ ಅನ್ನಬೇಡಿ. ಅದು ಎಣ್ಣೆ.

ಬೋಟು ಕಟ್ಟುವ ಜಾಗದಲ್ಲಿ ಎಣ್ಣೆ ಇರುವುದೇ, ಅದರಲ್ಲೆಂತ ಸುದ್ದಿ ಎಂದು ಕೇಳುವವರುಂಟು. ಸುದ್ದಿ ಇಷ್ಟೆ. ಈ ನೀರು ಬರೇ ದಕ್ಕೆಯ ನೀರಲ್ಲ, ಗುರುಪುರ ಹೊಳೆ. ಫಲ್ಗುಣಿ ಎಂದು ಹಿರಿಯರು ಕರೆದ ನದಿ. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯಲ್ಲಿ ದೇಶದ 111 ಜಲಮಾರ್ಗಗಳ ಪಟ್ಟಿ ಆಯಿತು. ಅದರಲ್ಲಿ ಗುರುಪುರ ಹೊಳೆಗೆ 43ನೇ ನಂಬರು, 10 ಕಿಲೋಮೀಟರು. ಪಕ್ಕದ ನೇತ್ರಾವತಿಗೆ 74ನೇ ನಂಬರು, 78 ಕಿಲೋಮೀಟರು. ಹೆದ್ದಾರಿಗೆ ನಂಬರು ಬಿದ್ದ ಹಾಗೆ ನಮ್ಮ ಎರಡು ಹೊಳೆಗಳಿಗೂ ನಂಬರು ಬಿತ್ತು.

ಹೆದ್ದಾರಿಯಲ್ಲಿ ಲಾರಿಯವನೊಬ್ಬ ನಡುರಸ್ತೆಯಲ್ಲಿ ಗಾಡಿ ನಿಲ್ಲಿಸಿ, ಹಳೇ ಆಯಿಲನ್ನು ಅಲ್ಲೇ ಚೆಲ್ಲಿ ಹೋದರೆ ಜನ ಬಿಡುತ್ತಾರೆಯೇ? ಕೊರಳಪಟ್ಟಿ ಹಿಡಿಯುತ್ತಾರೆ. ಹೊಳೆಯ ಹೆದ್ದಾರಿಯಲ್ಲಿ ಅದೇ ಕೆಲಸ ಆದರೆ ಯಾರಿಗೂ ಕೊರಳೇ ಕಾಣುವುದಿಲ್ಲ. ನೀರು ಎಲ್ಲವನ್ನೂ ಮುಚ್ಚಿ ಹಾಕುತ್ತದಲ್ಲ!

ಎಂತದು ಈ ಕರಿನೀರು?

ಬೋಟಿನ ಕಸ ಅಂದರೆ ಎಂತದು ಎಂದು ಮೊದಲು ತಿಳಿಯುವ. ಇಂಜಿನ್ ಓಡುವ ಯಾವುದೇ ಬೋಟಿನ ತಳದಲ್ಲಿ ನೀರು ನಿಲ್ಲುತ್ತದೆ. ಫ್ಯಾನನ್ನು ತಿರುಗಿಸುವ ಶಾಫ್ಟು ಬೋಟಿನ ಹೊಟ್ಟೆಯಿಂದ ಹೊರಗೆ ಹೋಗುವ ತೂತಿನಲ್ಲಿ ಹನಿ ಹನಿ ನೀರು ಒಳಗೆ ಬರುತ್ತಲೇ ಇರುತ್ತದೆ. ಬರಬೇಕು ಕೂಡ. ಬರದೇ ಇದ್ದರೆ ಅಲ್ಲಿನ ಪ್ಯಾಕಿಂಗು ಬಿಸಿಯಾಗಿ ಸುಟ್ಟು ಹೋಗುತ್ತದೆ. ಈ ನೀರಿಗೆ ಇಂಜಿನ್ನಿನಿಂದ ಸೋರಿದ ಆಯಿಲ್, ಪೈಪಿನಿಂದ ಜಿನುಗಿದ ಡೀಸೆಲ್, ಗ್ರೀಸು, ಮಸಿ ಎಲ್ಲವೂ ಸೇರುತ್ತದೆ. ಹಡಗಿನವರು ಇದನ್ನು ಬಿಲ್ಜ್ ಎನ್ನುತ್ತಾರೆ. ನಮ್ಮ ಕಣ್ಣಿಗೆ ಅದು ಕರಿನೀರು.

ತಳದಲ್ಲಿ ಕರಿನೀರು ಏರಿದರೆ ಬೋಟಿಗೇ ಅಪಾಯ. ಆದ್ದರಿಂದ ಪಂಪು ಹಾಕಿ ಹೊರಗೆ ಬಿಡಲೇಬೇಕು. ಇದು ಹಟದ ಮಾತಲ್ಲ, ಜೀವದ ಮಾತು. ಪ್ರಶ್ನೆ ಇರುವುದು ಎಲ್ಲಿಗೆ ಬಿಡುವುದು ಎಂಬುದರಲ್ಲಿ ಮಾತ್ರ.

ಇದು ಒಂದು ಬಗೆ. ಇನ್ನೊಂದು, ಇಂಜಿನ್ ನೂರಾರು ಗಂಟೆ ಓಡಿದ ಮೇಲೆ ಬದಲಿಸಿದ ಹಳೇ ಆಯಿಲ್. ಮತ್ತೊಂದು, ಆಯಿಲ್ ಹೀರಿದ ಫಿಲ್ಟರು, ಕೈ ಒರೆಸಿದ ಬಟ್ಟೆ, ಖಾಲಿ ಡಬ್ಬ. ನಾಲ್ಕನೆಯದು ಅಡುಗೆಯ ಕಸ, ಪ್ಲಾಸ್ಟಿಕ್ ಕೊಟ್ಟೆ, ತುಂಡು ಬಲೆ, ಥರ್ಮೋಕೋಲು. ಐದನೆಯದು ಹೇಳಲು ಮುಜುಗರವಾದರೂ ಹೇಳಬೇಕು, ಕಕ್ಕಸಿನ ನೀರು. ವಾರಗಟ್ಟಲೆ ಕಡಲಲ್ಲಿ ಇರುವ ಬೋಟಿನಲ್ಲಿ ಮನುಷ್ಯರೇ ಇರುವುದು, ದೇವತೆಗಳಲ್ಲ.

ಬೆಲೆ ಇದ್ದದ್ದು ಗುಜರಿಗೆ, ಇಲ್ಲದ್ದು ಹೊಳೆಗೆ

ಈ ಐದರಲ್ಲಿ ಯಾವುದು ದಡಕ್ಕೆ ಬರುತ್ತದೆ, ಯಾವುದು ನೀರಿಗೆ ಹೋಗುತ್ತದೆ ಎಂಬುದಕ್ಕೆ ದೊಡ್ಡ ಸಂಶೋಧನೆ ಬೇಡ. ಅಂಗಡಿ ಇಟ್ಟವರಿಗೆ ಅರ್ಥವಾಗುವ ಲೆಕ್ಕ ಇದು.

ಹಳೇ ಆಯಿಲಿಗೆ ಬೆಲೆ ಉಂಟು. ಶುದ್ಧ ಮಾಡಿ ಮತ್ತೆ ಆಯಿಲ್ ಮಾಡುವವರಿದ್ದಾರೆ, ಒಲೆಗೆ ಉರಿಸುವವರಿದ್ದಾರೆ, ಸೆಂಟ್ರಿಂಗ್ ಶೀಟಿಗೆ ಬಳಿಯುವವರಿದ್ದಾರೆ. ಆದ್ದರಿಂದ ಅದು ಡಬ್ಬ ಸೇರುತ್ತದೆ, ಕೈ ಬದಲಾಗುತ್ತದೆ. ಒಡೆದ ಕಬ್ಬಿಣಕ್ಕೂ ಬೆಲೆ ಉಂಟು, ಗುಜರಿಯವರು ಒಯ್ಯುತ್ತಾರೆ. ಆದರೆ ಕರಿನೀರು? ಅದರಲ್ಲಿ ನೀರೇ ಹೆಚ್ಚು, ಎಣ್ಣೆ ಕಡಿಮೆ. ಮಾರಿದರೆ ಕಾಸಿಲ್ಲ, ಸಾಗಿಸಿದರೆ ಕೈಯಿಂದ ಖರ್ಚು. ಎಣ್ಣೆ ಹಿಡಿದ ಬಟ್ಟೆ, ಫಿಲ್ಟರಿಗೆ ಗಿರಾಕಿ ಇಲ್ಲ. ಕಕ್ಕಸಿನ ನೀರಿನ ಮಾತೇ ಬೇಡ.

ಬೆಲೆ ಇದ್ದ ಕಸ ದಡಕ್ಕೆ ಬರುತ್ತದೆ, ಬೆಲೆ ಇಲ್ಲದ ಕಸ ಹೊಳೆಗೆ ಹೋಗುತ್ತದೆ. ಇಷ್ಟೇ ಕಥೆ. ತಂಡೇಲರು ಕೆಟ್ಟವರು, ಕಲಾಸಿಗಳಿಗೆ ಬುದ್ಧಿ ಇಲ್ಲ ಎಂದು ಬೈದು ಬರೆಯುವುದು ಸುಲಭ. ರಾತ್ರಿ ಕಡಲಿನಿಂದ ಬಂದು, ಮೀನು ಇಳಿಸಿ, ಹರಾಜು ಮುಗಿಸಿ, ಮತ್ತೆ ಹೊರಡುವವನಿಗೆ ಕರಿನೀರಿನ ಡಬ್ಬ ತಲೆಯ ಮೇಲೆ ಹೊತ್ತು ಊರೆಲ್ಲ ತಿರುಗು ಎಂದರೆ ತಿರುಗುತ್ತಾನೆಯೇ? ಪೇಟೆಯ ಅಂಗಡಿಯವರಾದರೂ ಅಷ್ಟೆ. ಕಸದ ಗಾಡಿ ಬಾಗಿಲಿಗೆ ಬಂದರೆ ಕೊಡುತ್ತಾರೆ. ಬರದಿದ್ದರೆ ರಾತ್ರಿ ಮೂಲೆಗೆ ಬೀಳುತ್ತದೆ. ಸುಳ್ಳೇ?

ಕೆಲವರು ಜಾಣರು. ಕರಿನೀರಿಗೆ ಸೋಪಿನ ಪುಡಿ ಕಲಸಿ ಬಿಡುತ್ತಾರಂತೆ, ಮೇಲೆ ಬಣ್ಣ ಕಾಣುವುದಿಲ್ಲ ಎಂದು. ಎಣ್ಣೆ ಎಲ್ಲಿಗೂ ಹೋಗುವುದಿಲ್ಲ ಮಾರಾಯ್ರೆ! ಸಣ್ಣ ಸಣ್ಣ ಹನಿಯಾಗಿ ನೀರಿನೊಳಗೇ ಬೆರೆಯುತ್ತದೆ. ಜೊತೆಗೆ ಸೋಪು ಬೇರೆ. ಕಣ್ಣಿಗೆ ಕಾಣದ ಕಸ ಕಾಣುವ ಕಸಕ್ಕಿಂತ ಮೋಸದ್ದು.

ಊರಿಗೆ ಬಿಸಿ ತಟ್ಟುವುದಿಲ್ಲ ಯಾಕೆ?

ಮಂಗಳೂರಿನ ನಳ್ಳಿಗೆ ನೀರು ಬರುವುದು ದಕ್ಕೆಯಿಂದಲ್ಲ, ಮೇಲಿನ ತುಂಬೆಯಿಂದ. ಆದ್ದರಿಂದ ದಕ್ಕೆಯಲ್ಲಿ ಏನೇ ಆದರೂ ಪೇಟೆಯ ಚಹಾ ರುಚಿ ಕೆಡುವುದಿಲ್ಲ. ರುಚಿ ಕೆಟ್ಟಿದ್ದರೆ ಇಷ್ಟು ಹೊತ್ತಿಗೆ ಮೆರವಣಿಗೆ, ಧರಣಿ, ಮನವಿ ಎಲ್ಲ ಮುಗಿದಿರುತ್ತಿತ್ತು.

ಆದರೆ ಪೇಟೆಗೆ ಈ ಹೊಳೆಯಿಂದ ಬರುವ ಬೇರೆ ವಸ್ತು ಉಂಟು. ಇಳಿತದ ಹೊತ್ತಿಗೆ ಸೊಂಟದ ನೀರಿನಲ್ಲಿ ನಿಂತು ಮರುವಾಯಿ ಹೆಕ್ಕುವವರನ್ನು ಅಳಿವೆಯ ಕಡೆ ಕಂಡಿದ್ದೀರಲ್ಲ? ಮರುವಾಯಿ ಓಡಿ ಹೋಗುವ ಪ್ರಾಣಿಯಲ್ಲ. ಇದ್ದಲ್ಲೇ ಇದ್ದು, ನೀರನ್ನು ಒಳಗೆ ಎಳೆದು, ಸೋಸಿ, ಹೊರಗೆ ಬಿಟ್ಟು ಬದುಕುವ ಜೀವ. ನೀರಿನಲ್ಲಿ ಎಣ್ಣೆ ಇದ್ದರೆ ಅದರ ಅಂಶ ಮಾಂಸದಲ್ಲಿ ಸೇರುತ್ತದೆ, ವಾಸನೆಯೂ ಹಿಡಿಯುತ್ತದೆ. ಮೀನು ಈಜಿ ದೂರ ಹೋಗಬಹುದು, ಮರುವಾಯಿ ಎಲ್ಲಿಗೆ ಹೋಗಬೇಕು? ಅದನ್ನು ಹೆಕ್ಕಿ ಮಾರಿ ಮನೆ ನಡೆಸುವವರು ಎಲ್ಲಿಗೆ ಹೋಗಬೇಕು?

ಇನ್ನೊಂದು ಮಾತು. ಇದು ಉಬ್ಬರ ಇಳಿತದ ನೀರು. ಇಳಿತದಲ್ಲಿ ಕಡಲಿಗೆ ಹೋದದ್ದು ಉಬ್ಬರದಲ್ಲಿ ತಿರುಗಿ ಬರುತ್ತದೆ. ದಕ್ಕೆಯಲ್ಲಿ ಬಿಟ್ಟದ್ದು ಕಡಲು ಸೇರಿ ಮಾಯವಾಯಿತು ಎಂದುಕೊಂಡರೆ, ಆರು ಗಂಟೆ ಕಳೆಯುವುದರೊಳಗೆ ಅದು ಹೊಳೆಯ ಮೇಲಿನ ಕಡೆಯ ಮನೆಗಳ ಹಿತ್ತಿಲಿಗೆ ಬಂದು ಬಾಗಿಲು ತಟ್ಟುತ್ತದೆ.

ದೊಡ್ಡ ಹಡಗಿಗೊಂದು ನ್ಯಾಯ, ಸಣ್ಣ ಬೋಟಿಗೊಂದು ನ್ಯಾಯ

2022ರ ಜೂನಿನಲ್ಲಿ ಪ್ರಿನ್ಸೆಸ್ ಮಿರಾಲ್ ಎಂಬ ಹಡಗು ಉಳ್ಳಾಲದ ಹತ್ತಿರ ಕಡಲಲ್ಲಿ ಮುಳುಗಿತು. ಕೋಸ್ಟ್ ಗಾರ್ಡಿನವರು ಸಿರಿಯಾ ದೇಶದ 15 ಮಂದಿ ನಾವಿಕರ ಜೀವ ಉಳಿಸಿದರು. ಹಡಗಿನಲ್ಲಿದ್ದ ಎಣ್ಣೆ ಹೊರಗೆ ಬಂದರೆ ಗತಿಯೇನು ಎಂದು ಜಿಲ್ಲೆಗೆ ಜಿಲ್ಲೆಯೇ ಹೆದರಿತು. ಹೆದರಿದ್ದು ಸರಿ. ಆದರೆ ಒಂದು ದೊಡ್ಡ ಹಡಗು ಒಮ್ಮೆ ಚೆಲ್ಲಬಹುದಾದ ಎಣ್ಣೆಗೆ ಅಷ್ಟು ಗದ್ದಲ, ನೂರಾರು ಸಣ್ಣ ಬೋಟು ದಿನಾ ಚೆಲ್ಲುವ ಎಣ್ಣೆಗೆ ಒಂದು ಪಿಸುಮಾತೂ ಇಲ್ಲ! ಹೆಬ್ಬಾವಿಗೆ ಹೆದರಿ ಓಡುವವರು ಕಾಲಿಗೆ ಹತ್ತಿದ ಜಿಗಣೆಯನ್ನು ಮರೆತ ಹಾಗಾಯಿತು.

ಪಣಂಬೂರಿನ ದೊಡ್ಡ ಬಂದರಿಗೆ ಬರುವ ಹಡಗುಗಳಿಗೆ ಮಾರ್ಪೋಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಕಟ್ಟಳೆ ಉಂಟು. 1973ರಲ್ಲಿ ಆಗಿ, 1978ರಲ್ಲಿ ತಿದ್ದುಪಡಿಯಾದ ಒಪ್ಪಂದ ಅದು. 400 ಟನ್ನಿನ ಮೇಲಿನ ಹಡಗಿನಲ್ಲಿ ಎಣ್ಣೆಯ ಲೆಕ್ಕದ ಪುಸ್ತಕ ಇರಲೇಬೇಕು. ಕರಿನೀರನ್ನು ಯಂತ್ರದಲ್ಲಿ ಸೋಸಿ, 10 ಲಕ್ಷ ಪಾಲಿಗೆ 15 ಪಾಲಿಗಿಂತ ಹೆಚ್ಚು ಎಣ್ಣೆ ಇಲ್ಲದಂತೆ ಮಾಡಿದ ಮೇಲೆಯೇ, ಅದೂ ಹಡಗು ಸಾಗುತ್ತಿರುವಾಗ ಕಡಲಿಗೆ ಬಿಡಬಹುದು. ಬಂದರಿನಲ್ಲಿದ್ದಾಗ ದಡಕ್ಕೆ ಒಪ್ಪಿಸಬೇಕು.

ಹಾಗಾದರೆ ಹೊಳೆಯ ಬೋಟಿಗೆ ಕಾನೂನೇ ಇಲ್ಲವೇ? ಉಂಟು ಸ್ವಾಮಿ, ಬೇಕಾದಷ್ಟು ಉಂಟು! ಹೊಳೆಗೆ, ಕಡಲಿನ ಹಿನ್ನೀರಿಗೆ ಕೊಳೆ ಬಿಡಬಾರದು ಎಂದು 1974ರ ಜಲ ಮಾಲಿನ್ಯ ಕಾಯ್ದೆಯೇ ಹೇಳಿದೆ. 1917ರ ಬ್ರಿಟಿಷರ ಕಾಲದ ಕಾಯ್ದೆಯನ್ನು ತೆಗೆದು 2021ರಲ್ಲಿ ಹೊಸ ಒಳನಾಡು ಹಡಗು ಕಾಯ್ದೆ ತಂದರು. ಎಣ್ಣೆ, ಕಕ್ಕಸಿನ ನೀರು, ಕಸ ಯಾವುದನ್ನೂ ನೀರಿಗೆ ಬಿಡಬಾರದು ಎಂದು ಅದು ಹೇಳುತ್ತದೆ. ಅಷ್ಟೇ ಅಲ್ಲ, ಸರಕು ಇಳಿಸುವ, ಜನ ಹತ್ತಿಸುವ ನಿಲ್ದಾಣದವರು ಈ ಕೊಳೆಯನ್ನು ತೆಗೆದುಕೊಳ್ಳಲು ವ್ಯವಸ್ಥೆ ಮಾಡಬೇಕು, ಅದಕ್ಕೆ ದರ ನಿಗದಿ ಮಾಡಬಹುದು ಎಂದೂ ಹೇಳುತ್ತದೆ. ಮೀನುಗಾರಿಕಾ ಬೋಟುಗಳದ್ದು ಬೇರೆ ನೋಂದಣಿ, ಬೇರೆ ಇಲಾಖೆ. ಆದರೆ ಹೊಳೆಗೆ ಇದೆಲ್ಲ ಗೊತ್ತೇ? ಫೆರಿಯ ಎಣ್ಣೆ, ಮೀನು ಬೋಟಿನ ಎಣ್ಣೆ, ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಯ ಎಣ್ಣೆ, ನೀರಿಗೆ ಬಿದ್ದ ಮೇಲೆ ಎಲ್ಲದರದ್ದೂ ಒಂದೇ ಜಾತಿ.

ಕಾನೂನಿಗೆ ಕಾಗದ ಸಾಕು. ಕರಿನೀರಿಗೆ ಡ್ರಮ್ ಬೇಕು. ಆ ಡ್ರಮ್ ದಕ್ಕೆಯ ಯಾವ ಮೂಲೆಯಲ್ಲಿ ಸಿಗುತ್ತದೆ, ಯಾವ ಹೊತ್ತಿಗೆ ತೆರೆದಿರುತ್ತದೆ, ಯಾರನ್ನು ಕೇಳಬೇಕು? ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಬರೆದ ಉತ್ತರ ಬೇಕು. ಬಂದರು ಇಲಾಖೆ, ಮೀನುಗಾರಿಕಾ ಇಲಾಖೆ, ಮಹಾನಗರ ಪಾಲಿಕೆ, ಮಾಲಿನ್ಯ ನಿಯಂತ್ರಣ ಮಂಡಳಿ, ಜಲಮಾರ್ಗ ಪ್ರಾಧಿಕಾರ: ಹೊಳೆಗೆ ಇಷ್ಟೊಂದು ಮಂದಿ ಯಜಮಾನರು. ಯಜಮಾನರು ಹೆಚ್ಚಾದ ಮನೆಯಲ್ಲಿ ಕಸ ಗುಡಿಸುವವರು ಯಾರು ಎಂಬುದು ಮೊದಲು ತೀರ್ಮಾನವಾಗಬೇಕು.

ಬಾಸೆಲಿನಿಂದ ಇನ್ನೊಂದು ಪಾಠ

ಮಂಗಳೂರಿಗೂ ಬಾಸೆಲಿಗೂ ಹಳೇ ನಂಟು. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಶನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ನಮ್ಮ ಹೊಳೆಗಳಲ್ಲಿ ದೋಣಿಯ ಮೇಲೆ ಆವೆಮಣ್ಣು ಬಂತು, ಬಂದರಿನಿಂದ ಮಂಗಳೂರು ಹಂಚು ದೇಶಾಂತರ ಹೋಯಿತು. ಆ ದೋಣಿಗಳಿಗೆ ಇಂಜಿನ್ ಇರಲಿಲ್ಲ, ಹೊಳೆಗೆ ಎಣ್ಣೆಯೂ ಬೀಳಲಿಲ್ಲ. ಈಗ ಆ ಬಾಸೆಲ್ ಊರಿನ ಕಡೆ ಇನ್ನೊಮ್ಮೆ ನೋಡಬಹುದು. ಆ ಊರು ಇರುವುದು ರೈನ್ ನದಿಯ ದಡದಲ್ಲಿ. ದೊಡ್ಡ ದೊಡ್ಡ ಸರಕು ಹಡಗುಗಳು ಓಡುವ ಹೊಳೆ ಅದು.

ರೈನ್ ನದಿಯವರೇನು ಹುಟ್ಟಾ ಶುದ್ಧರಲ್ಲ. ಯುರೋಪಿನ ಚರಂಡಿ ಎಂದು ಹೆಸರು ಕೆಡಿಸಿಕೊಂಡಿದ್ದ ನದಿ. 1986ರ ನವೆಂಬರ್ 1ರಂದು ಬಾಸೆಲ್ ಹತ್ತಿರದ ರಾಸಾಯನಿಕ ಗೋದಾಮಿಗೆ ಬೆಂಕಿ ಬಿದ್ದು, ವಿಷದ ನೀರು ಹರಿದು, ಮೀನುಗಳು ರಾಶಿ ರಾಶಿ ಸತ್ತವು. ಪೆಟ್ಟು ತಿಂದ ಮೇಲೆ ಬುದ್ಧಿ ಚುರುಕಾಯಿತು. ಹಡಗಿನ ಕಸದ ಬಗ್ಗೆಯೇ 1996ರಲ್ಲಿ ಜರ್ಮನಿ, ಫ್ರಾನ್ಸ್, ನೆದರ್ಲೆಂಡ್ಸ್, ಬೆಲ್ಜಿಯಂ, ಲಕ್ಸೆಂಬರ್ಗ್, ಸ್ವಿಟ್ಜರ್ಲೆಂಡ್ ಆರು ದೇಶ ಸೇರಿ ಒಪ್ಪಂದ ಬರೆದವು. ಜಾರಿಗೆ ಬರಲು 2009ರ ನವೆಂಬರ್ ಆಯಿತು. ಅಂದರೆ ಅವರಿಗೂ 13 ವರ್ಷ ಹಿಡಿಯಿತು. ಕಡತ ಅಲ್ಲಿಯೂ ಆಮೆಯೇ!

ಆದರೆ ಅವರು ಮಾಡಿದ ಉಪಾಯ ನೋಡಿ. ಹಡಗಿನವನು ಡೀಸೆಲ್ ತುಂಬಿಸುವಾಗಲೇ ಕಸದ ದುಡ್ಡನ್ನೂ ಕೊಡಬೇಕು. ಶುರುವಿನಲ್ಲಿ 1,000 ಲೀಟರಿಗೆ ಏಳೂವರೆ ಯೂರೋ ಇಟ್ಟರು. ನಮ್ಮ ಲೆಕ್ಕದಲ್ಲಿ ಲೀಟರಿಗೆ ಮುಕ್ಕಾಲು ರೂಪಾಯಿ ಆಸುಪಾಸು. ಆಮೇಲೆ ಕರಿನೀರು, ಹಳೇ ಆಯಿಲ್, ಎಣ್ಣೆ ಬಟ್ಟೆ ತಂದುಕೊಟ್ಟರೆ ಬೇರೆ ಚಾರ್ಜಿಲ್ಲ. ಕೊಟ್ಟದ್ದಕ್ಕೆ ಪುಸ್ತಕದಲ್ಲಿ ಮೊಹರು. ಹಡಗಿನ ಹತ್ತಿರಕ್ಕೇ ಬಂದು ಕರಿನೀರು ಹೀರಿಕೊಂಡು ಹೋಗುವ ದೋಣಿಗಳೂ ಉಂಟು. 50ಕ್ಕಿಂತ ಹೆಚ್ಚು ಜನ ಹತ್ತುವ ಹಡಗು ಕಕ್ಕಸಿನ ನೀರನ್ನು ಹೊಳೆಗೆ ಬಿಡಬಾರದೆಂದು 2012ರಿಂದ ಕಟ್ಟು ಮಾಡಿದರು.

ಇದರ ಗುಟ್ಟು ಅರ್ಥವಾಯಿತೆ? ದುಡ್ಡು ಮೊದಲೇ ಕೊಟ್ಟಾಗಿದೆ. ಇನ್ನು ಕಸವನ್ನು ಹೊಳೆಗೆ ಬಿಟ್ಟರೆ ಹಡಗಿನವನಿಗೆ ಉಳಿತಾಯ ಏನೂ ಇಲ್ಲ. ಬಸ್ಸಿನ ಪಾಸ್ ಮಾಡಿಸಿದವನು ನಡೆದು ಹೋಗುತ್ತಾನೆಯೇ? ಬೆಲೆ ಇಲ್ಲದ ಕಸಕ್ಕೆ ಅವರು ಬೆಲೆ ಕಟ್ಟಿದರು. ದಂಡದ ಬೆದರಿಕೆಗಿಂತ ಇದು ಚೆನ್ನಾಗಿ ಕೆಲಸ ಮಾಡುವ ಮದ್ದು.

ನಾಲ್ಕಾಣೆಯ ಲೆಕ್ಕ

ನಮ್ಮಲ್ಲಿ ಆಗುವುದಿಲ್ಲ ಎನ್ನುವವರು ಈ ಲೆಕ್ಕ ನೋಡಲಿ. ಕರಾವಳಿಯ ಮೀನುಗಾರಿಕಾ ಬೋಟುಗಳಿಗೆ ರಾಜ್ಯ ಸರಕಾರ ಕರ ರಹಿತ ಡೀಸೆಲ್ ಕೊಡುತ್ತದೆ. 2023ರ ಜುಲೈ ಬಜೆಟ್ಟಿನಲ್ಲಿ ಇದರ ವಾರ್ಷಿಕ ಮಿತಿಯನ್ನು ಒಂದೂವರೆ ಲಕ್ಷ ಕಿಲೋಲೀಟರಿನಿಂದ 2 ಲಕ್ಷ ಕಿಲೋಲೀಟರಿಗೆ ಏರಿಸಿದರು. ಅಂದರೆ 20 ಕೋಟಿ ಲೀಟರು. ಯಾವ ಬೋಟಿಗೆ ಎಷ್ಟು ಹೋಯಿತು ಎಂಬ ಲೆಕ್ಕ ಇಲ್ಲದೆ ಈ ಡೀಸೆಲ್ ಸಿಗುವುದಿಲ್ಲ. ರೈನ್ ನದಿಯವರು ಹೊಸದಾಗಿ ಕಟ್ಟಿದ ಲೆಕ್ಕದ ಪುಸ್ತಕ ನಮ್ಮಲ್ಲಿ ಆಗಲೇ ಉಂಟು!

ಅವರ ಮುಕ್ಕಾಲು ರೂಪಾಯಿ ಬೇಡ. ಲೀಟರಿಗೆ ನಾಲ್ಕಾಣೆ ಇಡಿ. ಮಿತಿ ಪೂರ್ತಿ ಖರ್ಚಾದರೆ ವರ್ಷಕ್ಕೆ 5 ಕೋಟಿ ರೂಪಾಯಿ. ಮಂಗಳೂರು, ಮಲ್ಪೆ, ಗಂಗೊಳ್ಳಿ, ಕಾರವಾರ ಎಲ್ಲ ಕಡೆಯ ದಕ್ಕೆಗೂ ಡ್ರಮ್, ಕರಿನೀರು ನಿಲ್ಲಿಸಿ ಎಣ್ಣೆ ಬೇರ್ಪಡಿಸುವ ತೊಟ್ಟಿ, ಕಾಯುವ ಜನ, ಒಂದೆರಡು ಸಂಗ್ರಹದ ದೋಣಿ, ಇಷ್ಟಕ್ಕೆ ದಾರಿಯಾಗುವ ಮೊತ್ತ ಅದು. ಎಣ್ಣೆ ನೀರಿಗಿಂತ ಹಗುರ. ನಿಂತರೆ ತಾನಾಗಿ ಮೇಲೆ ಬರುತ್ತದೆ. ಮೇಲಿನದ್ದನ್ನು ತೆಗೆದು ಮಾರಬಹುದು, ಕೆಳಗಿನದ್ದನ್ನು ಸೋಸಿ ಬಿಡಬಹುದು. ಚಂದ್ರಲೋಕದ ವಿದ್ಯೆಯಲ್ಲ.

ಬೋಟಿನ ಮಾಲಕರು ಕೇಳಬಹುದು: ಡೀಸೆಲ್ ರೇಟು ಏರಿದೆ, ಮೀನು ಇಳಿದಿದೆ, ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟು ಕಟ್ಟಿ ಕೂರಬೇಕು, ಅದರ ಮೇಲೆ ಇದೊಂದು ತೆರಿಗೆಯೇ? ನ್ಯಾಯದ ಪ್ರಶ್ನೆ. 5,000 ಲೀಟರ್ ತುಂಬಿಸುವ ಬೋಟಿಗೆ 1,250 ರೂಪಾಯಿ ಬೀಳುತ್ತದೆ. ಸಣ್ಣದಲ್ಲ, ಆದರೆ ಬೋಟು ಮುಳುಗಿಸುವಷ್ಟು ದೊಡ್ಡದೂ ಅಲ್ಲ. ಮೀನಿಗೆ ಎಣ್ಣೆ ವಾಸನೆ ಎಂಬ ಮಾತು ಒಮ್ಮೆ ಪೇಟೆಯಲ್ಲಿ ಹಬ್ಬಿದರೆ ಹರಾಜಿನಲ್ಲಿ ಬೀಳುವ ಪೆಟ್ಟು ಇದಕ್ಕಿಂತ ದೊಡ್ಡದು. ಆದರೆ ಒಂದು ಕರಾರು: ನಾಲ್ಕಾಣೆ ದಕ್ಕೆಗೇ ಬರಬೇಕು. ಖಜಾನೆಗೆ ಹೋಗಿ ಮಾಯವಾಗುವುದಾದರೆ ಕೊಡಬೇಡಿ, ಕೇಳಲೂ ಬೇಡಿ.

ಆಯಿಲ್ ಕಂಪೆನಿಗಳೂ ತಪ್ಪಿಸಿಕೊಳ್ಳುವಂತಿಲ್ಲ. ಹಳೇ ಆಯಿಲನ್ನು ತಿರುಗಿ ಸಂಗ್ರಹಿಸಿ ಶುದ್ಧ ಮಾಡಿಸುವ ಹೊಣೆ ಆಯಿಲ್ ತಯಾರಿಸುವವರದ್ದೇ ಎಂದು ಕೇಂದ್ರ ಸರಕಾರ 2023ರಲ್ಲಿ ನಿಯಮ ಮಾಡಿ, 2024ರ ಏಪ್ರಿಲಿನಿಂದ ಜಾರಿಗೆ ತಂದಿದೆ. ವರ್ಷ ವರ್ಷಕ್ಕೂ ಏರುವ ಗುರಿ ಅವರಿಗೆ ಉಂಟು. ಸಾವಿರಾರು ಲೀಟರ್ ಆಯಿಲ್ ಬದಲಾಗುವ ದಕ್ಕೆಯಲ್ಲಿ ಅವರದ್ದೊಂದು ಸಂಗ್ರಹ ಕೇಂದ್ರ ಇರಲಿ ಎಂದು ಕೇಳುವುದು ಭಿಕ್ಷೆಯಲ್ಲ. ಬಂದರಿನಲ್ಲಿ ಆಯಿಲ್ ಮಾರುವ ಅಂಗಡಿಯವರೂ ಮನಸ್ಸು ಮಾಡಬಹುದು: ಹೊಸ ಡಬ್ಬ ಬೇಕಾದವರು ಹಳೇ ಡಬ್ಬ, ಹಳೇ ಫಿಲ್ಟರ್ ತಂದುಕೊಟ್ಟರೆ ರೇಟಿನಲ್ಲಿ ಸ್ವಲ್ಪ ಕಡಿಮೆ. ಸೋಡಾ ಬಾಟ್ಲಿಗೆ ಡಿಪಾಸಿಟ್ ಹಿಡಿದ ಊರಿಗೆ ಇದನ್ನು ಯಾರು ಕಲಿಸಬೇಕು?

ವಾಟರ್ ಮೆಟ್ರೋಗೆ ಮುಂಚೆ

ಇಷ್ಟು ಅವಸರ ಯಾಕೆ ಎಂದರೆ, ಹೊಳೆಗೆ ಇನ್ನಷ್ಟು ಓಡಾಟ ತರುವ ಮಾತು ನಡೆದಿದೆ. ಬಜಾಲಿನಿಂದ ಮರವೂರಿನ ತನಕ ನೇತ್ರಾವತಿ, ಗುರುಪುರ ಹೊಳೆಗಳಲ್ಲಿ ಸುಮಾರು 30 ಕಿಲೋಮೀಟರ್ ವಾಟರ್ ಮೆಟ್ರೋ ಓಡಿಸುವ ಯೋಜನೆಯ ಪ್ರಸ್ತಾಪ ಬಂದಿದೆ. ಬರಲಿ, ಒಳ್ಳೆಯದೇ. ರಸ್ತೆಯಲ್ಲಿ ನಿಂತು ನಿಂತು ಬೇಸತ್ತ ಬಸ್ ಪ್ರಯಾಣಿಕರಿಗಿಂತ ಹೆಚ್ಚು ಖುಷಿ ಪಡುವವರು ಯಾರು? 2023ರ ಏಪ್ರಿಲಿನಲ್ಲಿ ಶುರುವಾದ ಕೊಚ್ಚಿಯ ವಾಟರ್ ಮೆಟ್ರೋ ಬ್ಯಾಟರಿ ಬೋಟುಗಳಲ್ಲಿ ಓಡುತ್ತದೆ. ಇಲ್ಲಿಯೂ ಅಂಥದ್ದೇ ಬಂದರೆ ಎಣ್ಣೆಯ ಕಾಟ ಅಷ್ಟು ಕಡಿಮೆ.

ಆದರೆ ಅದೇ ಕೇರಳದ ವೇಂಬನಾಡು ಇನ್ನೊಂದು ಪಾಠ ಹೇಳುತ್ತದೆ. ಅಲ್ಲಿ ಹೌಸ್‌ಬೋಟುಗಳು ಮೊದಲು ಬಂದವು, ಅವುಗಳ ಕಕ್ಕಸಿನ ನೀರಿಗೆ ಜಾಗ ಎಲ್ಲಿ ಎಂಬ ಯೋಚನೆ ಆಮೇಲೆ ಬಂತು. ಮನೆ ಕಟ್ಟಿ ಗೃಹಪ್ರವೇಶ ಮುಗಿಸಿ ಚರಂಡಿಗೆ ಜಾಗ ಹುಡುಕಿದ ಹಾಗೆ. ನಮ್ಮಲ್ಲಿ ಹಾಗಾಗಬಾರದು. ಮೆಟ್ರೋ ನಿಲ್ದಾಣದ ನಕ್ಷೆಯಲ್ಲಿ ಟಿಕೆಟ್ ಕಿಟಕಿ ಬರೆಯುವಾಗಲೇ ಕೊಳೆ ತೆಗೆದುಕೊಳ್ಳುವ ಕೊಳವೆಯನ್ನೂ ಬರೆಯಬೇಕು.

ದೊಡ್ಡ ಯೋಜನೆಗೆ ಕಾಯದೆ ಈ ಹೊತ್ತು ಆಗುವ ಕೆಲಸ ಉಂಟು. ಮೊದಲು ದಕ್ಕೆಯಲ್ಲಿ ಬಣ್ಣ ಬಳಿದ ಮೂರು ಡ್ರಮ್: ಒಂದು ಹಳೇ ಆಯಿಲಿಗೆ, ಒಂದು ಕರಿನೀರಿಗೆ, ಒಂದು ಬಟ್ಟೆ, ಫಿಲ್ಟರಿಗೆ. ಬೋಟು ಬರುವ ಹೊತ್ತಿಗೆ, ಅಂದರೆ ರಾತ್ರಿಯೂ, ಅಲ್ಲೊಬ್ಬ ಮನುಷ್ಯ. ಕೊಟ್ಟವರಿಗೊಂದು ಚೀಟಿ. ಫೆರಿಯ ಎರಡೂ ದಡದಲ್ಲಿ ಪ್ರಯಾಣಿಕರ ಕಸಕ್ಕೆ ಬುಟ್ಟಿ. ಇಷ್ಟು ಮಾಡಿ ಆರು ತಿಂಗಳು ನೋಡಿ. ಆಮೇಲೂ ಹೊಳೆಗೆ ಬಿಡುವವರಿದ್ದರೆ ದಂಡ ಹಾಕಿ, ಯಾರೂ ಅಡ್ಡ ಬರುವುದಿಲ್ಲ. ಡ್ರಮ್ ಇಡದೆ ದಂಡ ಹಾಕುವುದು ಮಾತ್ರ ನ್ಯಾಯವಲ್ಲ. ಅದು ವಸೂಲಿ.

ಜೂನಿನಲ್ಲಿ ಬೋಟುಗಳು ದಡಕ್ಕೆ ಬಂದು ನಿಲ್ಲುತ್ತವೆ. ಇಂಜಿನ್ ಬಿಚ್ಚುವ, ಆಯಿಲ್ ಬದಲಿಸುವ, ತಳ ತೊಳೆಯುವ ಕಾಲ. ವರ್ಷದ ಕೊಳೆಯೆಲ್ಲ ಹೊರಗೆ ಬರುವ ಆ 61 ದಿನಕ್ಕಿಂತ ಒಳ್ಳೆಯ ಮುಹೂರ್ತ ಬೇಕೆ? ಮುಂದಿನ ಜೂನ್ 1ಕ್ಕೆ ದಕ್ಕೆಯಲ್ಲಿ ಮೂರು ಡ್ರಮ್ ಕಾಣುವುದೇ, ಅದೇ ಏಳು ಬಣ್ಣ ಕಾಣುವುದೇ?

ಫೆರಿಗೆ ಓಡುವವರು ಆ ದಿನ ಒಂದು ಗಳಿಗೆ ನಿಂತು ನೋಡಲಿ. ಸಂಬಂಧಪಟ್ಟವರೂ ಬರಲಿ. ಸ್ಟೇಟ್‌ಬ್ಯಾಂಕಿನಿಂದ ಏನೂ ದೂರವಿಲ್ಲ, ನಡೆದೇ ಬರಬಹುದು.